ನೀರಿನ ಗಿಡಗಳ ಗುರುತು: ಗನ್ನವರಂನಲ್ಲಿ ಓದುತ್ತಿರುವ ತಂಗಿಯ ಮಗಳಿಗೆ ಕಿವಿಮಾತು

ಪುಟ್ಟಿ,

ಗನ್ನವರಂನ ಪಶುವೈದ್ಯಕೀಯ ಕಾಲೇಜಿಗೆ ಸೇರಿದ ಮೇಲೆ ನಿನಗೊಂದು ಹೊಸ ಆಸೆ ಹುಟ್ಟಿದೆಯಂತೆ, ನಿಮ್ಮಮ್ಮ ಹೇಳಿದಳು. ಕಾಲುವೆಯಲ್ಲಿ ಎಮ್ಮೆಗಳು ಬಾಯಿ ಹಾಕುವ ಗಿಡಗಳನ್ನೆಲ್ಲ ಹೆಸರಿಟ್ಟು ಗುರುತಿಸಬೇಕು ಎನ್ನುವ ಆಸೆ. ಒಳ್ಳೆಯದು. ವಿಜಯವಾಡದ ಪ್ರಕಾಶಂ ಬ್ಯಾರೇಜಿನಿಂದ ಹೊರಟ ಏಲೂರು ಕಾಲುವೆ ನಿಮ್ಮ ಊರಿನ ಪಕ್ಕದಲ್ಲೇ ಹರಿಯುತ್ತದೆ. ಏಲೂರಿನ ಹತ್ತಿರ ಕೊಲ್ಲೇರು ಸರೋವರವಿದೆ. ಊರೂರಿಗೂ ಕೆರೆ, ಗದ್ದೆ, ಮೀನಿನ ಹೊಂಡ. ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಿಲ್ಲ. ಕಮಲಾಪುರದ ಕೆರೆ, ಹೊಸಪೇಟೆಯ ಕಾಲುವೆಗಳ ದಂಡೆಯಲ್ಲಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿದವನಾಗಿ ಕೆಲವು ಮಾತು ಬರೆಯುತ್ತಿದ್ದೇನೆ. ಇಲ್ಲಿ ಕಲಿತದ್ದು ಅಲ್ಲಿಗೂ ಬರುತ್ತದೆ. ನೀರಿನ ಗಿಡಗಳು ನೆಲದ ಗಿಡಗಳಿಗಿಂತ ಬಹಳ ದೂರದವರೆಗೆ ಹರಡಿರುತ್ತವೆ. ಹಕ್ಕಿಯ ಕಾಲಿನ ಕೆಸರಿನಲ್ಲಿ, ಹೊಳೆಯ ಪ್ರವಾಹದಲ್ಲಿ ಅವುಗಳ ಬೀಜ ಊರು ಬದಲಿಸುತ್ತದೆ.

• ಮೊದಲು ನೋಡಬೇಕಾದದ್ದು ಗಿಡ ನೀರಿನಲ್ಲಿ ಎಲ್ಲಿ ನಿಂತಿದೆ ಎಂಬುದನ್ನು. ಬೇರು ಕೆಸರಿಗೆ ತಾಗದೆ ತೇಲುತ್ತಿದೆಯೇ? ಬೇರು ಕೆಸರಿನಲ್ಲಿದ್ದು ಎಲೆ ಮಾತ್ರ ನೀರಿನ ಮೇಲೆ ಮಲಗಿದೆಯೇ? ಇಡೀ ಗಿಡ ನೀರಿನೊಳಗೆ ಮುಳುಗಿದೆಯೇ? ಬುಡ ನೀರಿನಲ್ಲಿದ್ದು ಮೈ ಗಾಳಿಯಲ್ಲಿ ನಿಂತಿದೆಯೇ? ಈ ನಾಲ್ಕರಲ್ಲಿ ಯಾವುದೆಂದು ಗೊತ್ತಾದರೆ ಹುಡುಕಾಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದಂಡೆಯಿಂದ ನೋಡಿ ತೀರ್ಮಾನ ಮಾಡಬೇಡ. ಮೆಲ್ಲಗೆ ಎಳೆದು, ಬೇರು ಕೈಗೆ ಬಂದ ಮೇಲೆ ಬರೆದುಕೋ.

• ಒಂದು ಎಲೆಯನ್ನು ನಂಬಬೇಡ. ನಾನು ಹೇಳಬೇಕಾದದ್ದರಲ್ಲಿ ಇದೇ ಮುಖ್ಯ. ನೆಲದ ಗಿಡ ತನ್ನ ರೂಪವನ್ನು ಸುಮಾರಾಗಿ ಕಾಪಾಡಿಕೊಳ್ಳುತ್ತದೆ. ನೀರಿನ ಗಿಡ ಆಳಕ್ಕೆ, ಹರಿವಿಗೆ, ಇಕ್ಕಟ್ಟಿಗೆ ತಕ್ಕಂತೆ ಮೈ ಬದಲಿಸುತ್ತದೆ. ಅಲ್ಲಿಯವರು ಗುರ್ರಪು ಡೆಕ್ಕ ಎನ್ನುವ ಗಿಡವನ್ನೇ ತೆಗೆದುಕೋ. ನಮ್ಮಲ್ಲಿ ಅದನ್ನೂ ಅಂತರಗಂಗೆ ಎನ್ನುತ್ತಾರೆ. ಬಯಲು ನೀರಿನಲ್ಲಿ ಒಂಟಿಯಾಗಿ ತೇಲುವಾಗ ಅದರ ಎಲೆತೊಟ್ಟು ಉಬ್ಬಿ ಗುಂಡಗಿರುತ್ತದೆ. ಪುಸ್ತಕದ ಚಿತ್ರಗಳಲ್ಲೆಲ್ಲ ಆ ಉಬ್ಬು ಕಾಣುತ್ತದೆ. ಅದೇ ಗಿಡ ಕಾಲುವೆಯ ತೂಬಿನ ಹತ್ತಿರ ಒತ್ತಾಗಿ ಬೆಳೆದಾಗ ತೊಟ್ಟು ಸಪೂರವಾಗಿ, ಉದ್ದವಾಗಿ, ಸೊಂಟದೆತ್ತರಕ್ಕೂ ಏಳುತ್ತದೆ. ಉಬ್ಬು ಮಾಯ. ಉಬ್ಬಿಲ್ಲವೆಂದು ಬೇರೆ ಹೆಸರು ಬರೆದರೆ ತಪ್ಪಾಯಿತು. ಕಪ್ಪು ನೇರಳೆ ಬಣ್ಣದ, ಗರಿಯಂಥ ಬೇರನ್ನು ನೋಡು. ಹೂವಿದ್ದರೆ ಮೇಲಿನ ಎಸಳಿನ ನಡುವಿನ ಹಳದಿ ಮಚ್ಚೆಯನ್ನು ನೋಡು. ಅವು ಬದಲಾಗುವುದಿಲ್ಲ.

ಸಾಲ್ವಿನಿಯಾ ಎಂಬ ತೇಲುವ ಜರಿಗಿಡವೂ ಹೀಗೆಯೇ. ಎಳೆಯದಾಗಿ ಜಾಗ ಸಿಕ್ಕಾಗ ಎಲೆ ಚಿಕ್ಕದು, ನೀರಿಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತದೆ. ಇಕ್ಕಟ್ಟಾದಾಗ ಎಲೆ ದೊಡ್ಡದಾಗಿ, ಮಡಚಿಕೊಂಡು ಎದ್ದು ನಿಲ್ಲುತ್ತದೆ. ಇವೆರಡನ್ನು ಬೇರೆ ಬೇರೆ ಗಿಡ ಎಂದುಕೊಂಡವರು ಬಹಳ ಜನ. ಎಲೆಯ ಮೇಲಿನ ರೋಮಗಳನ್ನು ಲೆನ್ಸಿನಲ್ಲಿ ನೋಡು: ನಾಲ್ಕು ಕವಲೊಡೆದು, ತುದಿಯಲ್ಲಿ ಮತ್ತೆ ಕೂಡಿಕೊಂಡಿದ್ದರೆ ಅದು ಸಾಲ್ವಿನಿಯಾ ಮೊಲೆಸ್ಟಾ. ಕೆಳಗೆ ಬೇರಿನಂತೆ ತೋರುವುದು ಬೇರಲ್ಲ, ನೀರಿನೊಳಗೆ ಇಳಿದ ಮೂರನೆಯ ಎಲೆ. ಲಿಮ್ನೋಫಿಲಾ ಹೆಟೆರೋಫಿಲ್ಲಾ ಎಂಬ ಇನ್ನೊಂದು ಗಿಡದಲ್ಲಿ ಒಂದೇ ಕಾಂಡದ ಮೇಲೆ ಎರಡು ವಿಧದ ಎಲೆ: ನೀರಿನೊಳಗಿನವು ಎಳೆಎಳೆಯಾಗಿ ಸೀಳಿರುತ್ತವೆ, ಮೇಲಿನವು ಸೀಳಿಲ್ಲದೆ ಸಾದಾ ಇರುತ್ತವೆ. ತುದಿಯನ್ನಷ್ಟೇ ಚಿವುಟಿ ತಂದರೆ ಅರ್ಧ ಗಿಡ ಕೆರೆಯಲ್ಲೇ ಉಳಿಯಿತು. ಬುಡದಿಂದ ತುದಿಯವರೆಗೆ ಇಡೀ ಗಿಡ ಬೇಕು, ಒಂದಲ್ಲ, ನಾಲ್ಕಾರು ಕಡೆಯದು.

• ಹೂವಿಗಾಗಿ ಕಾಯುತ್ತ ಕೂರಬೇಡ. ಸಾಲ್ವಿನಿಯಾ, ಅಜೋಲಾ, ನಾಲ್ಕೆಲೆಯ ಮಾರ್ಸಿಲಿಯಾ, ಮೂರೂ ಜರಿಗಿಡದ ಕುಲದವು. ಎಷ್ಟು ಕಾದರೂ ಹೂ ಬಿಡುವುದಿಲ್ಲ. ಮಾರ್ಸಿಲಿಯಾವನ್ನು ಪುಳ್ಳಂಪುರಚಿ ಸೊಪ್ಪಿನ ಜಾತಿಯೆಂದು ತಿಳಿಯುವವರಿದ್ದಾರೆ. ಪುಳ್ಳಂಪುರಚಿಗೆ ಮೂರು ಎಲೆದಳ, ರುಚಿ ಹುಳಿ. ಮಾರ್ಸಿಲಿಯಾಕ್ಕೆ ನಾಲ್ಕು. ಬುಡದಲ್ಲಿ ಹುರುಳಿಕಾಳಿನಷ್ಟು ಗಟ್ಟಿ ಗಂಟುಗಳಿದ್ದರೆ ಅನುಮಾನವೇ ಉಳಿಯದು.

• ತಾವರೆ, ನೈದಿಲೆ. ಅಲ್ಲಿ ತಾಮರ, ಕಲುವ ಎನ್ನುತ್ತಾರೆ. ಎಲೆ ನೀರಿಗಿಂತ ಮೇಲೆ ನಿಂತಿದ್ದರೆ ತಾವರೆ, ನೀರಿನ ಮೇಲೆ ಮಲಗಿದ್ದರೆ ನೈದಿಲೆ ಎಂದು ಹೇಳಿಕೊಡುತ್ತಾರೆ. ಇದು ಸಾಲದು. ತಾವರೆಯ ಮೊದಲ ಎಲೆಗಳು ಮಲಗಿಯೇ ಇರುತ್ತವೆ. ಎಲೆಯ ಅಂಚಿನಿಂದ ತೊಟ್ಟಿನವರೆಗೆ ಸೀಳಿದೆಯೇ ನೋಡು. ಸೀಳಿಲ್ಲದೆ ತೊಟ್ಟು ಎಲೆಯ ನಟ್ಟನಡುವೆ ಸೇರಿದ್ದರೆ ತಾವರೆ, ಸೀಳಿದ್ದರೆ ನೈದಿಲೆ. ನೈದಿಲೆಯಲ್ಲೂ ಎಲೆಯನ್ನು ಮಗುಚಿ ನೋಡು: ಅಂಚು ಚೂಪು ಹಲ್ಲಿನದಾಗಿ, ಅಡಿಯಲ್ಲಿ ನಯವಾದ ರೋಮವಿದ್ದರೆ ನಿಂಫಿಯಾ ಪ್ಯೂಬೆಸೆನ್ಸ್. ಅದು ಸಂಜೆ ಅರಳಿ ಮರುದಿನ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುತ್ತದೆ. ನೀಲಿ ನೈದಿಲೆ, ಅಂದರೆ ನಿಂಫಿಯಾ ನೌಚಾಲಿ, ಹಗಲಿನಲ್ಲಿ ಅರಳುತ್ತದೆ. ಹೆಸರು ನೀಲಿ ನೈದಿಲೆಯಾದರೂ ಬಿಳಿ ಹೂವಿನದೂ ಇದೆ. ಆದ್ದರಿಂದ ಬಣ್ಣದ ಜೊತೆ ಹೊತ್ತನ್ನೂ ಬರೆದುಕೋ. ಇವೆರಡರ ಜೊತೆ ಮೂರನೆಯದೊಂದು ಬೆರೆತಿರುತ್ತದೆ, ನಿಂಫಾಯ್ಡಿಸ್. ಎಲೆ ಥೇಟ್ ಚಿಕ್ಕ ನೈದಿಲೆ. ಆದರೆ ಹೂ ಕೆಸರಿನಿಂದ ಬೇರೆ ಕಡ್ಡಿಯಾಗಿ ಬರುವುದಿಲ್ಲ. ಎಲೆಯ ಕೆಳಗೇ, ಅದೇ ತೊಟ್ಟಿನಿಂದ ಗೊಂಚಲಾಗಿ ಬರುತ್ತದೆ. ಬಿಳಿ, ಸಣ್ಣ ಹೂ. ನಿಂಫಾಯ್ಡಿಸ್ ಇಂಡಿಕಾದಲ್ಲಿ ಎಸಳಿನ ತುಂಬ ನವಿರು ರೋಮ.

ತಾವರೆ ಮತ್ತು ನೈದಿಲೆ ಅಕ್ಕತಂಗಿಯರೆಂದು ಶತಮಾನಗಳಿಂದ ನಂಬಿದ್ದೆವು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ತಿಳಿದದ್ದೇ ಬೇರೆ. ತಾವರೆ ಸೇರುವುದು ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಡುವ ಸಿಲ್ವರ್ ಓಕ್ ಮರದ ಗಣಕ್ಕೆ. ಹೊರನೋಟದ ಹೋಲಿಕೆ ನೀರು ಕೊಟ್ಟದ್ದು, ವಂಶ ಕೊಟ್ಟದ್ದಲ್ಲ.

• ನೀರಿನ ಮೇಲೆ ಹಸಿರು ಪುಡಿ ಕಂಡರೆ ಎಲ್ಲವನ್ನೂ ಪಾಚಿ ಎಂದು ಕರೆಯಬೇಡ. ಅಂಗೈಯಲ್ಲಿ ಎತ್ತಿ ಬೇರು ಎಣಿಸು. ಒಂದೊಂದು ಬಿಲ್ಲೆಗೆ ಒಂದೇ ಬೇರಿದ್ದರೆ ಲೆಮ್ನಾ. ಬೇರುಗಳ ಗೊಂಚಲಿದ್ದು ಬಿಲ್ಲೆಯ ಅಡಿ ನೇರಳೆಯಾಗಿದ್ದರೆ ಸ್ಪೈರೋಡೆಲಾ. ಬೇರೇ ಇಲ್ಲದೆ ಹಸಿರು ರವೆಯಂತೆ ಬೆರಳಿಗೆ ಹತ್ತಿದರೆ ವುಲ್ಫಿಯಾ. ಹೂ ಬಿಡುವ ಸಸ್ಯಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕವು ಅದರ ಜಾತಿಯವು. ಅಜೋಲಾವಾದರೆ ಎಲೆಗಳು ಹುರುಪೆಯಂತೆ ಒಂದರ ಮೇಲೊಂದು. ಬಿಸಿಲು ಜಾಸ್ತಿಯಾದರೆ, ರಂಜಕ ಕಡಿಮೆಯಾದರೆ ಕೆಂಪಾಗುತ್ತದೆ. ಅದು ರೋಗವೂ ಅಲ್ಲ, ಬೇರೆ ಜಾತಿಯೂ ಅಲ್ಲ. ಅದರ ಎಲೆಯೊಳಗೆ ಗಾಳಿಯ ಸಾರಜನಕ ಹಿಡಿಯುವ ಸೂಕ್ಷ್ಮಜೀವಿ ಮನೆ ಮಾಡಿರುವುದರಿಂದಲೇ ರೈತರು ಅದನ್ನು ಗದ್ದೆಗೂ ದನದ ಮೇವಿಗೂ ಬೆಳೆಸುವುದು.

ಇನ್ನೊಂದು ಹಸಿರು ಇದೆ, ಅದು ಗಿಡವೇ ಅಲ್ಲ. ಕಡ್ಡಿಯನ್ನು ಅದ್ದಿ ಎತ್ತು. ಕೂದಲಿನಂತೆ ಎಳೆ ಜೋತು ಬಂದರೆ ಸಾಮಾನ್ಯ ಪಾಚಿ. ಎಳೆಯೂ ಇಲ್ಲದೆ, ಬಿಲ್ಲೆಯೂ ಇಲ್ಲದೆ ಕಡ್ಡಿಗೆ ತೆಳ್ಳಗೆ ಹಸಿರು ಬಳಿದುಕೊಂಡು ಬಂದರೆ ಮೈಕ್ರೋಸಿಸ್ಟಿಸ್‌ನಂಥ ನೀಲಿಹಸಿರು ಜೀವಿ ಇರಬಹುದು. ಅದರ ವಿಷ ದನಕರುಗಳ ಯಕೃತ್ತಿಗೆ ಹೊಡೆಯುತ್ತದೆ. ಅಂಥ ನೀರಿಗೆ ಎಮ್ಮೆ ಇಳಿಸದಂತೆ ಅಲ್ಲಿನವರಿಗೆ ಕೂಡಲೇ ಹೇಳು.

• ಮುಳುಗಿದ ಗಿಡಗಳನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿ ನೋಡು. ಕೈಯಲ್ಲಿ ಎತ್ತಿದರೆ ಎಲ್ಲವೂ ಒಂದೇ ಹಸಿರು ಮುದ್ದೆ. ತಟ್ಟೆಯಲ್ಲಿ ಅವು ತಮ್ಮ ರೂಪಕ್ಕೆ ಬರುತ್ತವೆ. ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಮೂರರಿಂದ ಎಂಟು ಎಲೆ, ಅಂಚಿನಲ್ಲಿ ಬರಿಗಣ್ಣಿಗೇ ಕಾಣುವ ಹಲ್ಲು, ಮುಟ್ಟಿದರೆ ತರಿತರಿ: ಹೈಡ್ರಿಲ್ಲಾ. ಎಲೆ ಕವಲೊಡೆದಿದೆ, ಗಿಡಕ್ಕೆ ಬೇರೇ ಇಲ್ಲ: ಸೆರಾಟೋಫಿಲ್ಲಮ್. ಎಲೆ ನಡುನರದ ಎರಡೂ ಕಡೆ ಗರಿಯಂತೆ ಸೀಳಿದೆ: ಮಿರಿಯೋಫಿಲ್ಲಮ್. ಎಳೆಗಳ ನಡುವೆ ಸಣ್ಣ ಸಣ್ಣ ಚೀಲಗಳಿದ್ದರೆ ಯುಟ್ರಿಕ್ಯುಲೇರಿಯಾ. ಆ ಚೀಲಗಳು ನೀರಿನ ಹುಳುಗಳನ್ನು ಒಳಗೆಳೆದು ಜೀರ್ಣಿಸುತ್ತವೆ. ಹಿಸುಕಿದರೆ ಬೆಳ್ಳುಳ್ಳಿಯ ವಾಸನೆ, ಬೆರಳಿಗೆ ಸುಣ್ಣದ ಒರಟು ಸಿಕ್ಕಿದರೆ ಕಾರಾ. ಅದು ಪಾಚಿಯ ಕುಲ, ಹೂಗಿಡವಲ್ಲ. ಪಟ್ಟಿಯಂಥ ಉದ್ದ ಎಲೆಗಳು ಬುಡದಿಂದಲೇ ಎದ್ದಿದ್ದರೆ ವ್ಯಾಲಿಸ್ನೇರಿಯಾ. ಇದರ ಗಂಡುಹೂಗಳು ಬುಡದಲ್ಲಿ ಕಳಚಿಕೊಂಡು ಮೇಲೆ ತೇಲಿಬರುತ್ತವೆ. ಹೆಣ್ಣುಹೂ ಉದ್ದನೆಯ ಕಡ್ಡಿಯ ಮೇಲೆ ನೀರಿನ ಮೈಗೆ ಬಂದು ಅವುಗಳನ್ನು ಸೇರುತ್ತದೆ. ಆಮೇಲೆ ಆ ಕಡ್ಡಿ ಸುರುಳಿ ಸುತ್ತಿಕೊಂಡು ಕಾಯಿಯನ್ನು ಮತ್ತೆ ಕೆಸರಿಗೆ ಎಳೆದುಕೊಳ್ಳುತ್ತದೆ. ಒಂದು ಬೆಳಗ್ಗೆ ಕಾದು ಕೂತು ನೋಡು. ಪುಸ್ತಕದಲ್ಲಿ ಓದಿದವರಿಗೆ ಸಿಗದ ಸಂತೋಷ ಅದು.

• ದಂಡೆಯ ಹುಲ್ಲುಗಳು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸು. ಮೂರು ಮೂಲೆ ಸಿಕ್ಕಿದರೆ ತುಂಗೆಯ ಕುಲ. ಗುಂಡಗೆ, ಟೊಳ್ಳಾಗಿ, ಗಿಣ್ಣುಗಳಿದ್ದರೆ ಹುಲ್ಲಿನ ಕುಲ. ಇದಕ್ಕೂ ಅಪವಾದವಿದೆ: ಎಲಿಯೋಕಾರಿಸ್ ತುಂಗೆಯ ಕುಲದ್ದೇ ಆದರೂ ಎಷ್ಟೋ ಜಾತಿಗಳಲ್ಲಿ ಕಾಂಡ ಗುಂಡಗಿರುತ್ತದೆ. ಜೊಂಡನ್ನು ಅಲ್ಲಿ ಜಮ್ಮು ಎನ್ನುತ್ತಾರೆ. ಅದರ ತೆನೆಯಲ್ಲಿ ಗಂಡುಭಾಗ ಮೇಲೆ, ಹೆಣ್ಣುಭಾಗ ಕೆಳಗೆ. ಎರಡರ ನಡುವೆ ಬರಿಯ ಕಡ್ಡಿ ಎಷ್ಟಿದೆ ಎಂದು ಅಳೆದು ಬರೆದುಕೋ, ಜಾತಿ ತೀರ್ಮಾನಕ್ಕೆ ಬೇಕಾಗುತ್ತದೆ. ತೆನೆಯಿಲ್ಲದ ಜೊಂಡಿನಂಥದ್ದು ಕಂಡರೆ ಎಲೆ ಹಿಸುಕಿ ಮೂಸು. ನೀನು ಮಗುವಾಗಿದ್ದಾಗ ಅಜ್ಜಿ ತೇದು ನೆಕ್ಕಿಸುತ್ತಿದ್ದ ಬಜೆಯ ವಾಸನೆ ಬಂದರೆ ಅದು ಬಜೆಯೇ. ಕೊಲ್ಲೇರಿನ ಕಡೆ ಕಿಕ್ಕಿಸ ಎಂದು ಹೇಳುವುದು ಫ್ರಾಗ್ಮೈಟಿಸ್. ಬಿದಿರಿನ ಹಾಗೆ ಗಿಣ್ಣು, ತುದಿಯಲ್ಲಿ ಕುಚ್ಚು.

• ತಿನ್ನುವ ಗಿಡ, ತಿನ್ನಬಾರದ ಗಿಡ. ನಿನ್ನ ಓದಿಗೆ ಇದೇ ಹತ್ತಿರದ್ದು, ಅವಸರ ಮಾಡಬಾರದ ಜಾಗವೂ ಇದೇ. ತೂಟಿಕೂರ ಎಂದು ಅಲ್ಲಿ ಸಾರಿಗೆ ಹಾಕುವ ಐಪೋಮಿಯಾ ಅಕ್ವಾಟಿಕಾ ನೀರಿನ ಮೇಲೆ ಹಬ್ಬುತ್ತದೆ. ಕಾಂಡ ಟೊಳ್ಳು, ಮುರಿದರೆ ಹಾಲು, ಎಲೆ ಒಂದು ಬಿಟ್ಟು ಒಂದು. ಅದರ ದಾಯಾದಿ ಐಪೋಮಿಯಾ ಕಾರ್ನಿಯಾ ದಂಡೆಯಲ್ಲಿ ಪೊದೆಯಾಗಿ ನೆಟ್ಟಗೆ ಬೆಳೆದು ತಿಳಿ ನೇರಳೆ ಹೂ ಬಿಡುತ್ತದೆ. ಮೇವಿಲ್ಲದ ದಿನಗಳಲ್ಲಿ ಆಡುಗಳು ಅದಕ್ಕೆ ಬಾಯಿ ಹಾಕುತ್ತವೆ. ತಿನ್ನುತ್ತ ಹೋದರೆ ನರಕ್ಕೆ ಹೊಡೆದು, ತೂರಾಡಿ, ಸೊರಗುತ್ತವೆ. ಹೊನಗೊನ್ನೆ ಸೊಪ್ಪು ನಿನಗೆ ಗೊತ್ತು, ಅಲ್ಲಿ ಪೊನ್ನಗಂಟಿಕೂರ. ಎಲೆ ಜೋಡಿಜೋಡಿ, ಬಿಳಿ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಲ್ಲೇ ಕೂತಿರುತ್ತದೆ. ಅದೇ ಕುಲದ ಪರದೇಶಿ ಕಳೆ ಆಲ್ಟರ್ನಾಂಥೆರಾ ಫಿಲಾಕ್ಸಿರಾಯ್ಡಿಸ್‌ನಲ್ಲಿ ಹೂಗೊಂಚಲು ಉದ್ದ ತೊಟ್ಟಿನ ಮೇಲೆ ನಿಲ್ಲುತ್ತದೆ, ಕಾಂಡ ಟೊಳ್ಳು. ಗುರುತು ಸರಿಯಾದ ಮಾತ್ರಕ್ಕೆ ತಿನ್ನಬಹುದೆಂದೂ ಅಲ್ಲ. ಊರಿನ ಕೊಳಚೆ ಸೇರುವ ನೀರಿನಿಂದ ಕಿತ್ತ ಸೊಪ್ಪನ್ನು ಅಡುಗೆಮನೆಗೆ ತರಬೇಡ.

ಗುರ್ರಪು ಡೆಕ್ಕವನ್ನು ಮೇವಾಗಿ ಹಾಕಬಹುದೇ ಎಂದು ಎಮ್ಮೆ ಸಾಕುವವರು ನಿನ್ನನ್ನೂ ಕೇಳುತ್ತಾರೆ. ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಕಾರ್ಖಾನೆ, ಚರಂಡಿಯ ನೀರಿನಲ್ಲಿ ಬೆಳೆದದ್ದಾದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿಕೊಂಡಿರುತ್ತದೆ. ಎಲ್ಲಿಯದು ಎಂದು ಕೇಳದೆ ಉತ್ತರ ಕೊಡಬೇಡ.

• ಗಿಡದ ಜೊತೆ ಅದರ ಮೇಲೆ ಕೂತವರನ್ನೂ ನೋಡು. ಯಕೃತ್ತಿನ ಹುಳುವಿನ ಮರಿಗಳು ಲಿಮ್ನಿಯಾ ಬಸವನಹುಳುವಿನ ಮೈಯಿಂದ ಹೊರಬಂದು ನೀರಂಚಿನ ಹುಲ್ಲು ಸೊಪ್ಪಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತವೆ. ಎಮ್ಮೆ ಅದನ್ನು ಮೇಯುತ್ತದೆ, ರೋಗ ಒಳಗೆ ಹೋಗುತ್ತದೆ. ಹಸುಗಳ ಗೊರಕೆ ರೋಗದ ಹುಳು ಬೆಳೆಯುವುದು ಇಂಡೋಪ್ಲಾನಾರ್ಬಿಸ್ ಎಂಬ ಚಪ್ಪಟೆ ಸುರುಳಿಯ ಬಸವನಹುಳುವಿನಲ್ಲಿ. ನಮ್ಮ ನಿಜವಾದ ಅಂತರಗಂಗೆ, ತೆಲುಗಿನ ಅಂತರತಾಮರ, ಅಂದರೆ ಪಿಸ್ಟಿಯಾ. ಅದರ ಬೇರಿಗೆ ಚುಚ್ಚಿಕೊಂಡು ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಉಸಿರಾಡುತ್ತವೆ. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವ ಸೊಳ್ಳೆ ಅದು. ಯಾವ ಗಿಡದ ಯಾವ ಭಾಗದಲ್ಲಿ ಯಾವ ಹುಳುವಿತ್ತು ಎಂದು ಒಂದು ಸಾಲು ಬರೆದಿಟ್ಟರೂ ನಾಳೆ ನೀನು ಡಾಕ್ಟರಾದಾಗ ಉಪಯೋಗಕ್ಕೆ ಬರುತ್ತದೆ.

• ಸಾಮಾನು ಕಡಿಮೆ ಸಾಕು. ಹತ್ತು ಪಟ್ಟಿನ ಲೆನ್ಸ್. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಗಿಡವನ್ನು ಲೆನ್ಸಿಗೆ ತರಬೇಕು. ಬಿಳಿ ತಟ್ಟೆ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಚಿಕ್ಕದೊಂದಕ್ಕೆ ಹಗ್ಗ ಕಟ್ಟಿದ್ದು. ಪ್ಲಾಸ್ಟಿಕ್ ಚೀಲಗಳು. ಪೆನ್ನು ಬೇಡ, ಪೆನ್ಸಿಲ್. ನೀರು ಬಿದ್ದರೂ ಅಕ್ಷರ ಅಳಿಸುವುದಿಲ್ಲ. ಫೋನಿನಲ್ಲಿ ತೆಗೆಯುವುದಾದರೆ ಹೂವಿನ ಜೊತೆಗೆ ಎಲೆಯ ಅಡಿ, ಗಿಣ್ಣು, ಕೊಯ್ದ ಕಾಂಡ, ಬೇರು ಇಷ್ಟನ್ನೂ ತೆಗೆ. ಹೆಸರು ಹೇಳುವ ಆ್ಯಪ್‌ಗಳು ದಾರಿ ತೋರಿಸಬಹುದು. ತೀರ್ಪು ನಿನ್ನ ಲೆನ್ಸಿನದೇ ಆಗಿರಲಿ.

• ಕಾಲ. ಬೇಸಿಗೆಯಲ್ಲಿ ಅಲ್ಲಿನ ಕಾಲುವೆಗಳಿಗೆ ನೀರು ನಿಲ್ಲಿಸುತ್ತಾರೆ. ಆಗ ಹೋಗುವುದು ದಂಡವೆಂದು ತಿಳಿಯಬೇಡ. ಹೈಡ್ರಿಲ್ಲಾ ತನ್ನ ಗೆಡ್ಡೆಗಳನ್ನು ಎಲ್ಲಿ ಅಡಗಿಸಿದೆ ಎಂದು ಒಣಗಿದ ಕೆಸರಿನಲ್ಲೇ ಕಾಣಬೇಕು. ಹೂ, ಕಾಯಿ ಸಮೃದ್ಧವಾಗಿ ಸಿಗುವುದು ಮಳೆ ಕಳೆದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ. ಒಂದೇ ಜಾಗಕ್ಕೆ ಎಲ್ಲ ಕಾಲದಲ್ಲೂ ಹೋಗುವುದು, ಹತ್ತು ಜಾಗಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಮೇಲು.

• ನೀರಿನ ಹತ್ತಿರ ಒಬ್ಬಳೇ ಹೋಗಬೇಡ. ಸಿಮೆಂಟು ಹಾಕಿದ ಕಾಲುವೆಯ ಗೋಡೆ ಪಾಚಿಗಟ್ಟಿದ್ದರೆ ಇಳಿದವರು ಹತ್ತಲಾರರು. ಗುರ್ರಪು ಡೆಕ್ಕದ ಹಾಸು ನೆಲದಂತೆ ಕಾಣುತ್ತದೆ, ಕಾಲಿಡಬೇಡ. ಕೈಗೆ ಗಾಯವಿದ್ದರೆ ನಿಂತ ನೀರಿಗೆ ಅದ್ದಬೇಡ, ಇಲಿಜ್ವರದ ಭಯವಿದೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬೀದಿಗಳೇ ಮುಳುಗಿದವು. ಮಳೆಗಾಲದಲ್ಲಿ ಆ ಹಳ್ಳದ ಹತ್ತಿರ ಗಿಡ ಹುಡುಕಲು ಹೋಗುವುದೇ ಬೇಡ.

• ಅಲ್ಲಿಯವರನ್ನು ಕೇಳು. ಮೀನು ಹಿಡಿಯುವವರು, ಎಮ್ಮೆ ಕಾಯುವವರು, ಸೊಪ್ಪು ಮಾರುವ ಹೆಂಗಸರು ಈ ಗಿಡಗಳ ಜೊತೆಗೇ ಬದುಕಿದವರು. ಬಾಬಾಯ್ ಗಾರೂ ಎಂದು ಕರೆದು ಮಾತಾಡಿಸು. ಹೆಸರಿನ ಜೊತೆಗೆ ಯಾವ ತಿಂಗಳು ಬರುತ್ತದೆ, ದನ ತಿನ್ನುತ್ತದೆಯೇ, ಯಾವುದಕ್ಕೆ ಬಳಸುತ್ತಾರೆ, ಇಷ್ಟನ್ನೂ ಕೇಳು. ಒಂದೇ ಹೆಸರು ಎರಡು ಗಿಡಕ್ಕೆ ಇರುವುದು ಸಾಮಾನ್ಯ. ನಮ್ಮ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ಬಕೋಪಾವನ್ನೂ ಬ್ರಾಹ್ಮಿ ಎನ್ನುತ್ತಾರೆ. ಆದ್ದರಿಂದ ಊರಿನ ಹೆಸರಿನ ಪಕ್ಕದಲ್ಲಿ ಮಾದರಿಯ ಸಂಖ್ಯೆ ಬರೆ.

• ಒಣಗಿಸುವ ಕ್ರಮ. ಮೆತ್ತಗಿನ ಗಿಡವನ್ನು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಅಡಿಯಿಂದ ದಪ್ಪ ಕಾಗದ ತೂರಿಸಿ, ಎಲೆ ಹರಡಿಕೊಂಡಂತೆಯೇ ಮೇಲೆತ್ತು. ಮೇಲೆ ತೆಳು ಮಲ್ ಬಟ್ಟೆ ಹೊದಿಸಿ ಪತ್ರಿಕೆಗಳ ನಡುವೆ ಒತ್ತು. ದಿನವೂ ಕಾಗದ ಬದಲಿಸದಿದ್ದರೆ ಬೂಷ್ಟು. ಆಳ, ಹರಿವು, ವಾಸನೆ, ಹೂವಿನ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ. ಅವನ್ನು ದಂಡೆಯಲ್ಲೇ ಬರೆ.

• ಪುಸ್ತಕ. ಕೆ. ಸುಬ್ರಹ್ಮಣ್ಯಂ ಅವರು 1962ರಲ್ಲಿ ಭಾರತದ ಜಲಸಸ್ಯಗಳ ಮೇಲೆ ಬರೆದದ್ದು, ಕ್ರಿಸ್ಟೋಫರ್ ಕುಕ್ ಅವರ 1996ರ ಗ್ರಂಥ, ಎರಡನ್ನೂ ಗ್ರಂಥಾಲಯದಲ್ಲಿ ಹುಡುಕು. ನೀನಿರುವ ಜಿಲ್ಲೆ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತ್ಯದ ಸಸ್ಯಕೋಶವೂ ಬೇಕು. ವಿಶಾಖಪಟ್ಟಣಕ್ಕೆ ಹೋದಾಗ ಆಂಧ್ರ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಮೇಷ್ಟರುಗಳನ್ನು ಕಂಡು ನಿನ್ನ ಮಾದರಿ ತೋರಿಸು. ರಾತ್ರಿ ಮಲಗುವಾಗ ಓದಲು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಟ್ಟುಕೋ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಆ ಮೇಷ್ಟರು ವಿದ್ಯಾರ್ಥಿಗಳ ಜೊತೆ ಗಿಡ ಹುಡುಕಿ ತಿರುಗಿದ್ದನ್ನು ಬರೆದ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡ ನೋಡುವ ಕಣ್ಣನ್ನು ಕನ್ನಡದಲ್ಲಿ ಅದರಷ್ಟು ಚೆನ್ನಾಗಿ ತಿದ್ದುವ ಇನ್ನೊಂದು ಪುಸ್ತಕವನ್ನು ನಾನು ಕಂಡಿಲ್ಲ.

• ಒಂದು ಕೆರೆಯ ಗಿಡವನ್ನು ಇನ್ನೊಂದು ಕೆರೆಗೆ ಒಯ್ಯಬೇಡ. ದಕ್ಷಿಣ ಅಮೆರಿಕದ ಗುರ್ರಪು ಡೆಕ್ಕ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದದ್ದು ಅದರ ಹೂವಿನ ಚಂದಕ್ಕೆ. 1939ರಲ್ಲಿ ಸಾಲ್ವಿನಿಯಾ ಸಿಂಹಳಕ್ಕೆ ಬಂದದ್ದು ಕೊಲಂಬೊದ ಸಸ್ಯಶಾಸ್ತ್ರ ವಿಭಾಗದ ಮೂಲಕ, ಕಲಿಯುವವರ ಅನುಕೂಲಕ್ಕೆ. ಎರಡೂ ಕೆರೆ, ಗದ್ದೆ, ಕಾಲುವೆಗಳನ್ನು ಮುಚ್ಚಿದವು. ಅವನ್ನು ತಿನ್ನುವ ಸೊಂಡಿಲ ಹುಳುಗಳನ್ನು 1980ರ ದಶಕದಲ್ಲಿ ಹೊರದೇಶದಿಂದ ತರಿಸಿ ಬೆಂಗಳೂರಿನ ನೀರಿನಲ್ಲಿ ಬಿಡಬೇಕಾಯಿತು. ಸಾಲ್ವಿನಿಯಾದ ಒಂದು ತುಂಡು, ಹೈಡ್ರಿಲ್ಲಾದ ಒಂದು ಗಿಣ್ಣು ಸಾಕು, ಹೊಸ ಗಿಡವಾಗುತ್ತದೆ. ಹಾಸ್ಟೆಲಿನ ಬಾಟಲಿಯಲ್ಲಿ ಬೆಳೆಸಿದ್ದನ್ನೂ ಚರಂಡಿಗೆ ಚೆಲ್ಲಬೇಡ, ಒಣಗಿಸಿ ಸುಡು. ಪಾತಾಳಗರಡಿ, ಹಗ್ಗ, ತಟ್ಟೆ, ಬೂಟು ಇಷ್ಟನ್ನೂ ತೊಳೆದು ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೆರೆಗೆ ಇಳಿ. ನಿನ್ನ ಜೊತೆ ಬರುವ ಗೆಳತಿಯರಿಗೂ ಇದನ್ನು ಹೇಳು.